ಉತ್ತರ ಬಂತು ಸರಿ, ಹೆಂಗ ಬಂತು?

ಪ್ರಶ್ನೆ: ನಾವು ಮೂವರು ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತೇವೆ. ದಾರಿಯಲ್ಲಿ ಇಂಗ್ಲಿಷ್ ಪೇಪರಿನ ಕ್ರಿಪ್ಟಿಕ್ ಕ್ರಾಸ್‌ವರ್ಡ್ (ಸುಳಿವು ಒಗಟಿನಂತಿರುವ ಪದಬಂಧ) ಬಿಡಿಸುವ ಹುಚ್ಚು ಹಿಡಿದಿದೆ. ಕನ್ನಡ ಪದಬಂಧ ನಮಗೆ ಮೊದಲಿನಿಂದಲೂ ರೂಢಿ. ಆದರೆ ಇದರಲ್ಲಿ ಮರುದಿನ ಉತ್ತರ ನೋಡಿದ ಮೇಲೂ ಅದೇ ಯಾಕೆ ಉತ್ತರ ಅನ್ನೋದು ತಿಳಿಯುವುದಿಲ್ಲ. ಇನ್ನೊಂದು ತೊಂದರೆ ಇದೆ. ನಮ್ಮಲ್ಲಿ ಒಬ್ಬರು ಬಹಳ ಚುರುಕು. ಸುಳಿವು ಓದಿ ಮುಗಿಸೋದರೊಳಗೆ ಉತ್ತರ ಹೇಳಿಬಿಡುತ್ತಾರೆ. ಉಳಿದ ಇಬ್ಬರಿಗೆ ಮಾಡಲು ಏನೂ ಇರುವುದಿಲ್ಲ. ಗೆಳೆಯರು ಕೂಡಿ ಬಿಡಿಸುವುದಕ್ಕೆ ಒಂದು ರೀತಿ ಅಂತ ಇದೆಯಾ? ಕನ್ನಡದಲ್ಲೂ ಇಂಥ ಸುಳಿವು ಕಟ್ಟಲು ಬರುತ್ತದೆಯೇ?
(ಓದುಗರೊಬ್ಬರು, ಧಾರವಾಡ)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕನ್ನಡದಲ್ಲಿ ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ನಿಮ್ಮ ಮೊದಲ ತೊಂದರೆಗೆ ಮದ್ದೂ ಅಲ್ಲೇ ಇದೆ. ಇಂಗ್ಲಿಷ್ ಸುಳಿವಿನಲ್ಲಿ ಎರಡು ಕಷ್ಟ ಒಟ್ಟಿಗೆ ಎದುರಾಗುತ್ತವೆ. ಒಂದು, ಸುಳಿವಿನ ಕಟ್ಟು. ಎರಡು, ಬ್ರಿಟಿಷರ ಪದಗಳು, ಅವರ ಸಂಕ್ಷೇಪಗಳು. ಕಟ್ಟು ಮಾತ್ರ ಬೇಕೆಂದರೆ ನಮ್ಮದೇ ಪದಗಳಲ್ಲಿ ಕಲಿಯುವುದು ಸುಲಭ.

ನಿಮ್ಮ ದಾರಿಯದ್ದೇ ಒಂದು ಸುಳಿವು ಕೊಡುತ್ತೇನೆ. ಆವರಣದಲ್ಲಿರುವ ಅಂಕಿ, ಉತ್ತರದಲ್ಲಿ ಎಷ್ಟು ಅಕ್ಷರ ಇವೆ ಅನ್ನುವುದು. ಕನ್ನಡ ಪದಬಂಧದ ರೂಢಿಯಂತೆ ಗುಣಿತ, ಒತ್ತು ಎಲ್ಲ ಕೂಡಿ ಒಂದು ಮನೆಗೆ ಒಂದು ಅಕ್ಷರ.

‘ಕಾಡು ತಿರುಗಿ ಪಟ್ಟಣ ಸೇರಿದರೆ ಚಿಗರಿ ನಿಲ್ಲುವ ಜಾಗ (5)’

ಓದಿದ ಕೂಡಲೇ ಏನು ಕಾಣುತ್ತದೆ? ಅಡವಿಯಲ್ಲೆಲ್ಲ ಅಲೆದು ಊರಿಗೆ ಬಂದು ನಿಂತ ಜಿಂಕೆ. ಆ ಚಿತ್ರ ಮೂಡಲಿ ಅಂತಲೇ ಹಾಗೆ ಕಟ್ಟಿದ್ದು. ಅದನ್ನು ನೋಡಿ ಖುಷಿಪಡಿ, ಆಮೇಲೆ ಬದಿಗಿಡಿ. ಈಗ ಒಂದೊಂದೇ ಪದ ಹಿಡಿಯಿರಿ. ಕಾಡು ಅಂದರೆ ವನ. ‘ತಿರುಗಿ’ ಇಲ್ಲಿ ಅಲೆದಾಟ ಅಲ್ಲ, ಅಕ್ಷರ ಹಿಂದುಮುಂದಾಗಲಿ ಅನ್ನುವ ಅಪ್ಪಣೆ. ವನ ತಿರುಗಿದರೆ ನವ. ಪಟ್ಟಣ ಅಂದರೆ ನಗರ. ಎರಡೂ ಸೇರಿದರೆ ನವನಗರ. ಇನ್ನು ಚಿಗರಿ. ಅದು ಜಿಂಕೆ ಅಲ್ಲ, ನೀವು ದಿನಾ ಹತ್ತುವ ಬಸ್ಸು. ಅದು ನವನಗರದಲ್ಲಿ ನಿಲ್ಲುತ್ತದೆ.

ನೋಡಿ, ಒಂದೇ ಉತ್ತರಕ್ಕೆ ಎರಡು ದಾರಿಯಿಂದ ಬಂದಿರಿ. ‘ಚಿಗರಿ ನಿಲ್ಲುವ ಜಾಗ’ ಅನ್ನುವುದು ನೇರ ಅರ್ಥ. ಉಳಿದದ್ದು ಅಕ್ಷರಗಳ ಆಟ. ನೇರ ಅರ್ಥ ಒಂದರಿಂದಲೇ ಹೋದರೆ ಉಣಕಲ್ಲೂ ಆಗಬಹುದು, ರಾಯಾಪುರವೂ ಆಗಬಹುದು. ಅಕ್ಷರದಾಟ ಒಂದೇ ಇದ್ದರೆ ಕಾಡಿಗೆ ಅಡವಿ, ಅರಣ್ಯ, ಕಾನನ ಅಂತ ಹುಡುಕುತ್ತಾ ಕೂರಬೇಕು. ಎರಡೂ ಒಂದೇ ಕಡೆ ಬಂದು ಕೂಡಿದಾಗ ಮಾತ್ರ ಉತ್ತರ ಪಕ್ಕಾ. ಆಗ ಮರುದಿನದ ಪೇಪರಿಗೆ ಕಾಯುವ ಅಗತ್ಯವೇ ಇರುವುದಿಲ್ಲ.

ನೀವು ಕೇಳಿದ ‘ಯಾಕೆ’ಗೆ ಉತ್ತರ ಇಷ್ಟೇ. ನೇರ ಅರ್ಥ ಯಾವಾಗಲೂ ಸುಳಿವಿನ ಮೊದಲಲ್ಲಿ ಇರುತ್ತದೆ, ಇಲ್ಲವೇ ಕೊನೆಯಲ್ಲಿ. ನಟ್ಟನಡುವೆ ಇರುವುದಿಲ್ಲ. ಉಳಿದದ್ದೆಲ್ಲ ಉತ್ತರವನ್ನು ಕಟ್ಟುವ ಸಾಮಾನು, ಮಧ್ಯೆ ಒಂದೆರಡು ಜೋಡಣೆಯ ಪದ. ಇಂಗ್ಲೆಂಡಿನಲ್ಲಿ ‘ಅಬ್ಸರ್ವರ್’ ಪತ್ರಿಕೆಗೆ ಕ್ಸಿಮಿನೀಸ್ ಎಂಬ ಗುಪ್ತನಾಮದಲ್ಲಿ ಪದಬಂಧ ಕಟ್ಟುತ್ತಿದ್ದ ಡಿ. ಎಸ್. ಮ್ಯಾಕ್‌ನಟ್ 1966ರಲ್ಲಿ ಇದನ್ನು ನಿಯಮವಾಗಿಯೇ ಬರೆದಿಟ್ಟರು. ನಿಖರವಾದ ಅರ್ಥ, ನ್ಯಾಯವಾದ ಅಕ್ಷರದಾಟ, ಇವೆರಡು ಬಿಟ್ಟು ಬೇರೇನೂ ಇರಬಾರದು. ಅದಕ್ಕೂ ಮೊದಲೇ, 1949ರಲ್ಲಿ, ಆಫ್ರಿಟ್ ಅನ್ನುವ ಇನ್ನೊಬ್ಬರು ಹೇಳಿದ ಮಾತಿನ ಸಾರವೂ ಇದೇ. ಸುಳಿವು ಕಟ್ಟುವವನು ಓದುಗನನ್ನು ದಾರಿ ತಪ್ಪಿಸಬಹುದು, ಆದರೆ ಹೇಳಬೇಕಾದ್ದನ್ನು ಅಕ್ಷರಶಃ ಹೇಳಿರಲೇಬೇಕು. ಈ ಪ್ರಾಮಾಣಿಕತೆಯೇ ಕ್ರಿಪ್ಟಿಕ್ ಸುಳಿವಿನ ಜೀವ ಅಂತ ನಾನು ನಂಬಿದ್ದೇನೆ. ನಮ್ಮ ಕಡೆ ಮದುವೆ ಮನೆಯಲ್ಲಿ ಹೆಣ್ಣುಮಕ್ಕಳು ಒಡಪು ಹೇಳುತ್ತಾರಲ್ಲ, ಹಾಗೆ. ಗಂಡನ ಹೆಸರು ಮಾತಿನೊಳಗೆ ಅಡಗಿರಬೇಕು, ಕೊನೆಗೆ ಎಲ್ಲರಿಗೂ ಕೇಳಿಸಲೂ ಬೇಕು.

ಅಂದ ಹಾಗೆ, ಈ ಗುಪ್ತನಾಮಗಳ ಕಥೆಯೂ ಚೆಂದ. ಕ್ಸಿಮಿನೀಸ್‌ಗೂ ಮೊದಲು ‘ಅಬ್ಸರ್ವರ್’ಗೆ ಪದಬಂಧ ಕಟ್ಟುತ್ತಿದ್ದವರ ಗುಪ್ತನಾಮ ಟಾರ್ಕ್ವೆಮಾಡಾ. ಟಾರ್ಕ್ವೆಮಾಡಾ, ಕ್ಸಿಮಿನೀಸ್ ಎರಡೂ ಸ್ಪೇನಿನ ಧರ್ಮವಿಚಾರಣೆಯ ಮುಖ್ಯಸ್ಥರ ಹೆಸರುಗಳು, ಜನರನ್ನು ಹಿಂಸಿಸಿ ಬಾಯಿ ಬಿಡಿಸಿದವರು. ಅದೇ ‘ಅಬ್ಸರ್ವರ್’ಗೆ 1972ರಲ್ಲಿ ಬಂದ ಜೊನಾಥನ್ ಕ್ರೌಥರ್ ತಮಗೆ ಅಜೆಡ್ ಅಂತ ಹೆಸರಿಟ್ಟುಕೊಂಡರು. ಅದರ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ ಡೆಜಾ. ಆತನೂ ಅಂಥದ್ದೇ ಒಬ್ಬ ಮುಖ್ಯಸ್ಥ.

ಕನ್ನಡಕ್ಕೆ ಬರೋಣ. ಅ.ನ. ಪ್ರಹ್ಲಾದ ರಾವ್ ಅವರಂಥವರು ಕಟ್ಟಿದ ಸಾವಿರಾರು ಪದಬಂಧ ಬಿಡಿಸಿ ಬೆಳೆದವರು ನಾವು. ಅಲ್ಲಿ ಸುಳಿವು ಹೆಚ್ಚಾಗಿ ನೇರ ಅರ್ಥದ್ದು. ಅದಕ್ಕೆ ಅಕ್ಷರದಾಟ ಸೇರಿಸಿದರೆ ಏನಾಗುತ್ತದೆ ನೋಡಿ.

‘ಧಾರವಾಡದೊಳಗೆ ಸಿಗುವ ಉಪ್ಪಿಟ್ಟಿನ ಸಾಮಾನು (2)’

ಧಾ, ರ, ವಾ, ಡ. ಊರಿನ ಹೆಸರಿನೊಳಗೇ ಕೂತಿದೆ: ರವಾ. ಸಣ್ಣ ಸುಳಿವು, ಆದರೆ ಒಂದು ದೊಡ್ಡ ಪಾಠ ಕಲಿಸುತ್ತದೆ. ಮೈಸೂರು ಕಡೆಯವರನ್ನು ಕೇಳಿ, ರವೆ ಅನ್ನುತ್ತಾರೆ. ನೇರ ಅರ್ಥದ ಪದಬಂಧದಲ್ಲಿ ಈ ಜಗಳ ಬಗೆಹರಿಯುವುದು ಅಡ್ಡ ಹಾಯುವ ಪದ ಬಂದ ಮೇಲೆ. ಇಲ್ಲಿ ಸುಳಿವೇ ತೀರ್ಪು ಕೊಡುತ್ತದೆ. ಧಾರವಾಡದಲ್ಲಿ ‘ವೆ’ ಇಲ್ಲ, ‘ವಾ’ ಇದೆ. ಊರಿಗೊಂದು ಉಚ್ಚಾರ ಇರುವ ಕನ್ನಡದಂಥ ಭಾಷೆಗೆ ಇದು ಬಹಳ ಉಪಯೋಗದ ಗುಣ.

ಇನ್ನೊಂದು. ನನಗೆ ತುಂಬ ಇಷ್ಟವಾದದ್ದು.

‘ಮನದ ಗೊಂದಲದಿಂದ ಹುಟ್ಟಿದ ಕಾಮಣ್ಣ (3)’

‘ಗೊಂದಲ’ ಅಂದರೆ ಅಕ್ಷರಗಳನ್ನು ಕಲಸು ಅಂತ ಅಪ್ಪಣೆ. ಯಾವ ಅಕ್ಷರ? ಮ, ನ, ದ. ಕಲಸಿದರೆ ಮದನ. ಹೋಳಿ ಹುಣ್ಣಿಮೆಗೆ ನಮ್ಮ ಓಣಿಗಳಲ್ಲಿ ಕೂರಿಸುವ ಕಾಮಣ್ಣ ಅವನೇ. ಆದರೆ ಅದೇ ಅಕ್ಷರಗಳಿಂದ ದಮನವೂ ಆಗುತ್ತದೆ, ಅಲ್ವಾ? ಹಾಗಾಗಿ ಅಕ್ಷರ ಕಲಸಿದ್ದೇ ತಡ ಬರೆದುಬಿಡಬಾರದು. ಕಾಮಣ್ಣ ಅನ್ನುವ ಅರ್ಥಕ್ಕೆ ಹೊಂದುವುದು ಮದನ ಒಂದೇ. ಸುಳಿವಿನ ಕೊನೆಯಲ್ಲಿ ‘ಹತ್ತಿಕ್ಕುವ ಕೆಲಸ’ ಅಂತ ಇದ್ದಿದ್ದರೆ ದಮನ ಬರೆಯಬೇಕಿತ್ತು. ಇನ್ನೂ ಒಂದು ಸೊಗಸು ಇದರಲ್ಲಿದೆ. ಮನ್ಮಥನಿಗೆ ಮನಸಿಜ ಅಂತಲೂ ಹೆಸರು, ಮನಸ್ಸಿನಲ್ಲಿ ಹುಟ್ಟಿದವನು. ಅಂದರೆ ಸುಳಿವು ಮೇಲ್ನೋಟಕ್ಕೆ ಹೇಳುವ ಮಾತೂ ನಿಜ, ಒಳಗಿನ ಲೆಕ್ಕವೂ ನಿಜ. ಇಂಥ ಸುಳಿವು ಅಪರೂಪಕ್ಕೆ ಸಿಗುತ್ತದೆ. ಸಿಕ್ಕಾಗ ಪೆನ್ನು ಕೆಳಗಿಟ್ಟು ಇನ್ನೊಮ್ಮೆ ಓದಬೇಕು.

ಕನ್ನಡದಲ್ಲಿ ಹೀಗೆ ಕಲಸಿದ ಸುಳಿವು ಜಾಸ್ತಿ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಇರುವುದು 26 ಅಕ್ಷರ, ಹೇಗೆ ಕಲಸಿದರೂ ಏನೋ ಒಂದು ಪದ ಬರುತ್ತದೆ. ನಮ್ಮ ಅಕ್ಷರ ಗುಣಿತ, ಒತ್ತು ಹೊತ್ತುಕೊಂಡೇ ಬರುತ್ತದೆ, ಅಷ್ಟು ಸುಲಭಕ್ಕೆ ಜಾಗ ಬದಲಿಸುವುದಿಲ್ಲ. ಅದಕ್ಕೆ ಬದಲಾಗಿ ಪದಕ್ಕೆ ಪದ ಜೋಡಿಸುವ ಸುಳಿವು, ಒಳಗೆ ಅಡಗಿಸುವ ಸುಳಿವು ನಮಗೆ ಚೆನ್ನಾಗಿ ಒಗ್ಗುತ್ತವೆ. ಇನ್ನೊಂದು ಅನುಕೂಲವೂ ಇದೆ. ನಮ್ಮ ವಿಭಕ್ತಿಯೇ ಅಪ್ಪಣೆ ಕೊಡುತ್ತದೆ. ‘ಒಳಗೆ’ ಅಂದರೆ ಹೊಟ್ಟೆಯಲ್ಲಿ ಇಡು, ‘ಇಂದ’ ಅಂದರೆ ಅದರಿಂದ ತೆಗೆ.

ಅದೇ ವಿಭಕ್ತಿ ತೊಡಕನ್ನೂ ತರುತ್ತದೆ. ‘ಹುಡುಕು, ರಾಜ! (3)’ ಅನ್ನುವ ಸುಳಿವು ತೆಗೆದುಕೊಳ್ಳಿ. ಉತ್ತರ ಅರಸು. ಹುಡುಕು ಅಂದರೂ ಅರಸು, ರಾಜ ಅಂದರೂ ಅರಸು. ಇಲ್ಲಿ ಅಕ್ಷರದಾಟವೇ ಇಲ್ಲ, ಎರಡು ನೇರ ಅರ್ಥಗಳನ್ನು ಪಕ್ಕಪಕ್ಕ ಇಟ್ಟದ್ದು. ಇದನ್ನೇ ‘ರಾಜನನ್ನು ಹುಡುಕು’ ಅಂತ ಬರೆದರೆ ಓದಲು ಇನ್ನೂ ಸಲೀಸು. ಆದರೆ ‘ಅನ್ನು’ ಯಾರಿಗೆ ಸೇರಿದ್ದು? ಅರಸು ಅಂದರೆ ರಾಜ, ರಾಜನನ್ನು ಅಲ್ಲ. ಹಾಗಾಗಿ ಅದು ನ್ಯಾಯವಲ್ಲ. ಕನ್ನಡದಲ್ಲಿ ಸುಳಿವು ಕಟ್ಟುವವರು ಹೆಚ್ಚಾಗಿ ಎಡವುವುದು ಇಲ್ಲೇ. ನೀವು ಕಟ್ಟಿದಾಗ ಪ್ರತಿ ಪ್ರತ್ಯಯವನ್ನೂ ನಿಲ್ಲಿಸಿ ಕೇಳಿ: ನಿನಗೆ ಇಲ್ಲಿ ಏನು ಕೆಲಸ?

ಈಗ ಇಂಗ್ಲಿಷ್ ಪೇಪರ್. ಕಟ್ಟು ಅದೇ, ಸಾಮಾನು ಬೇರೆ. ‘ದಿ ಹಿಂದೂ’ದ ಕ್ರಿಪ್ಟಿಕ್ ಬಿಡಿಸುವವರಿಗೆ ಕೆಲವು ಪದ ದಿನಾ ಎದುರಾಗುತ್ತವೆ. ಸೇಲರ್ ಅಂದರೆ ಎ-ಬಿ ಅಥವಾ ಟಾರ್. ವರ್ಕರ್ ಅಂದರೆ ಆಂಟ್ ಅಥವಾ ಬೀ. ಲರ್ನರ್ ಅಂದರೆ ಎಲ್. ಪಾಯಿಂಟ್ ಅಂದರೆ ನಾಲ್ಕು ದಿಕ್ಕಿನಲ್ಲಿ ಒಂದರ ಮೊದಲಕ್ಷರ. ಕ್ರಿಕೆಟ್ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ: ಮೇಡನ್ ಅಂದರೆ ಎಮ್, ಡಕ್ ಅಂದರೆ ಸೊನ್ನೆಯಂಥ ಓ, ಲೆಗ್ ಅಂದರೆ ಆನ್. ಫ್ಲವರ್ ಅಂತ ಕಂಡರೆ ಹೂವು ಮಾತ್ರ ನೆನಸಬೇಡಿ. ಫ್ಲೋ ಆಗುವುದು, ಅಂದರೆ ನದಿಯೂ ಆಗಬಹುದು. ಡ್ರಂಕ್, ಬ್ರೋಕನ್, ಕ್ರೇಜಿ ಇದ್ದರೆ ಪಕ್ಕದ ಅಕ್ಷರ ಕಲಸಲು ಹೇಳುತ್ತಿರಬಹುದು. ‘ಅಪ್’ ಅನ್ನುವ ಪದ ಉಲ್ಟಾ ಮಾಡು ಅನ್ನುವ ಅರ್ಥ ಕೊಡುವುದು ಮೇಲಿನಿಂದ ಕೆಳಕ್ಕೆ ಬರೆಯುವ ಪದಗಳಲ್ಲಿ ಮಾತ್ರ. ಕೊನೆಗೆ ಪ್ರಶ್ನೆ ಚಿಹ್ನೆ ಇದ್ದರೆ ಸೆಟ್ಟರ್, ಅಂದರೆ ಸುಳಿವು ಕಟ್ಟಿದವರು, ಸ್ವಲ್ಪ ಸಲಿಗೆ ತೆಗೆದುಕೊಂಡಿದ್ದಾರೆ ಅಂತ ತಿಳಿಯಿರಿ. ಇವುಗಳನ್ನು ಬಾಯಿಪಾಠ ಮಾಡುವುದು ಬೇಡ. ಒಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಸಿಕ್ಕಾಗ ಬರೆದುಕೊಂಡು ಹೋದರೆ ಸಾಕು.

ಮರುದಿನ ಉತ್ತರ ಬಂದಾಗ ಹೀಗೆ ಮಾಡಿ. ಬಿಡಿಸಲು ಆಗದ ಸುಳಿವುಗಳಲ್ಲಿ ಒಂದನ್ನೇ ಆರಿಸಿ. ಉತ್ತರ ಮುಂದಿಟ್ಟುಕೊಂಡು ಸುಳಿವಿನ ಮೊದಲ ಪದ, ಕೊನೆಯ ಪದ ನೋಡಿ. ಯಾವುದು ಉತ್ತರದ ಅರ್ಥ ಹೇಳುತ್ತದೆಯೋ ಅದರ ಕೆಳಗೆ ಗೆರೆ ಎಳೆಯಿರಿ. ಉಳಿದ ಪದಗಳಲ್ಲಿ ಉತ್ತರದ ಒಂದೊಂದೂ ಅಕ್ಷರ ಎಲ್ಲಿಂದ ಬಂತು ಅಂತ ಲೆಕ್ಕ ಒಪ್ಪಿಸಿ. ಒಂದು ಅಕ್ಷರ ಉಳಿದರೂ ನಿಮಗೆ ಸುಳಿವು ಇನ್ನೂ ಅರ್ಥವಾಗಿಲ್ಲ ಅಂತಲೇ. ದಿನಕ್ಕೆ ಒಂದು ಸುಳಿವನ್ನು ಹೀಗೆ ಬಿಚ್ಚಿ ನೋಡಿದವರು, ಪೂರ್ತಿ ಪದಬಂಧದ ಉತ್ತರ ಸುಮ್ನೆ ನಕಲು ಮಾಡಿದವರಿಗಿಂತ ಬೇಗ ಕಲಿಯುತ್ತಾರೆ.

ಇನ್ನು ನಿಮ್ಮ ಚುರುಕು ಗೆಳೆಯರ ವಿಷಯ. ನಮ್ಮ ಗುಂಪಿನಲ್ಲಿ ಒಂದೇ ಕಟ್ಟುಪಾಡು. ಉತ್ತರ ಹೇಳಿದವರಿಗೆ ಉಳಿದವರು ಕೇಳುತ್ತಾರೆ: ‘ಹೆಂಗ?’ ಹೆಂಗ ಅಂತ ಪೂರ್ತಿ ಹೇಳಲು ಬರದಿದ್ದರೆ ಉತ್ತರ ಸರಿಯಿದ್ದರೂ ಪೆನ್ನಿನಿಂದ ಬರೆಯುವ ಹಾಗಿಲ್ಲ, ಪೆನ್ಸಿಲ್‌ನಿಂದ ಬರೆಯಬೇಕು. ಇಷ್ಟರಿಂದಲೇ ಬಹಳ ಬದಲಾಗುತ್ತದೆ. ಯಾಕೆಂದರೆ ವೇಗವಾಗಿ ಹೇಳುವವರು ಬಹಳ ಸಲ ನೇರ ಅರ್ಥದಿಂದ ಊಹಿಸಿರುತ್ತಾರೆ, ಅಕ್ಷರದ ಲೆಕ್ಕ ಹಾಕಿರುವುದಿಲ್ಲ. ಆ ಲೆಕ್ಕ ನಿಧಾನಿಗಳ ಪಾಲಿಗೆ ಉಳಿಯುತ್ತದೆ. ಸುಳಿವಿನ ನಿಜವಾದ ರುಚಿ ಇರುವುದೂ ಅಲ್ಲೇ.

ಗೊತ್ತಾದವರು ಉತ್ತರ ನುಂಗಿಕೊಂಡು ಹಂತಹಂತವಾಗಿ ಸುಳಿವು ಕೊಡುವುದನ್ನೂ ರೂಢಿಸಿಕೊಳ್ಳಬೇಕು. ಉದಾಹರಣೆಗೆ ಇದು:

‘ಅಕ್ಕಿಯೊಳಗೆ ಸೀತೆಯ ಮಗ ತಿರುಗಿ ನಿಂತ, ಬೆಳಗಿನ ನಾಷ್ಟಾ (4)’

ಗೊತ್ತಾದವರು ಮೊದಲು ‘ಅರ್ಥ ಕೊನೀಗೆ ಐತಿ’ ಅನ್ನಲಿ. ಅಷ್ಟಕ್ಕೇ ಒಬ್ಬರು ಉಪ್ಪಿಟ್ಟು ಅನ್ನುತ್ತಾರೆ. ಅಕ್ಷರ ಮೂರೇ, ಬೇಕಾದದ್ದು ನಾಲ್ಕು. ಮೇಲಾಗಿ, ಹೆಂಗ? ಅಕ್ಕಿ ಎಲ್ಲಿ? ಬಿತ್ತು. ಸ್ವಲ್ಪ ಹೊತ್ತು ಬಿಟ್ಟು ‘ಒಂದರ ಹೊಟ್ಟಿಯೊಳಗ ಇನ್ನೊಂದು ಐತಿ’ ಅನ್ನಲಿ. ಆಗ ಅ, ಕ್ಕಿ ಎರಡು ತುದಿಗೆ ಹೋಗುತ್ತವೆ, ನಡುವೆ ಎರಡು ಮನೆ ಖಾಲಿ. ಸೀತೆಯ ಮಕ್ಕಳು ಇಬ್ಬರು. ಕುಶ ಹಾಕಿದರೆ ಏನೂ ಆಗುವುದಿಲ್ಲ. ಲವನನ್ನು ಹಾಗೇ ಇಟ್ಟರೂ ಆಗುವುದಿಲ್ಲ. ‘ತಿರುಗಿ ನಿಂತ’ ಅನ್ನುವುದು ಆಗ ನೆನಪಾಗುತ್ತದೆ. ವಲ. ಅವಲಕ್ಕಿ! ಮೂವರೂ ಒಂದೇ ಉಸಿರಿಗೆ ಹೇಳುತ್ತಾರೆ. ಯಾರು ಮೊದಲು ಬಿಡಿಸಿದರು ಅನ್ನುವುದು ಆ ಹೊತ್ತಿಗೆ ಯಾರಿಗೂ ಬೇಕಾಗಿರುವುದಿಲ್ಲ.

ಬೇರೆ ಬೇರೆ ಕೆಲಸದವರು ಇದ್ದಷ್ಟೂ ಗುಂಪಿಗೆ ಒಳ್ಳೆಯದು. ಒಬ್ಬರಿಗೆ ಕ್ರಿಕೆಟ್, ಇನ್ನೊಬ್ಬರಿಗೆ ಪುರಾಣ, ಮತ್ತೊಬ್ಬರಿಗೆ ಗಿಡಮರ. ಏನೂ ಗೊತ್ತಿಲ್ಲ ಅನ್ನುವವರ ಪ್ರಶ್ನೆಯಿಂದ ಗಂಟು ಬಿಚ್ಚಿದ್ದನ್ನೂ ನಾನು ನೋಡಿದ್ದೇನೆ. ಅವರು ಮೇಲ್ನೋಟದ ಕಥೆಗೆ ಮರುಳಾಗದೆ ‘ಈ ಪದ ಇಲ್ಲಿ ಯಾಕಿದೆ?’ ಅಂತ ಕೇಳುತ್ತಾರೆ.

ಜಗಳವನ್ನೂ ಆಡಿ. ಸುಳಿವು ನ್ಯಾಯವೋ ಅಲ್ಲವೋ ಅನ್ನುವ ಜಗಳ. ನಮ್ಮಲ್ಲಿ ಒಂದು ಸುಳಿವು ಬಂದಿತ್ತು: ‘ಕೈಗೆ ಜೋಳದ ಕಾಂಡ, ಬಾಯಿಗೆ ಗೋಕಾಕಿನ ಸಿಹಿ (4)’. ಕೈ ಅಂದರೆ ಕರ, ಜೋಳದ ಕಾಂಡ ಅಂದರೆ ದಂಟು, ಕೂಡಿದರೆ ಕರದಂಟು. ಉತ್ತರದ ಬಗ್ಗೆ ತಕರಾರು ಇರಲಿಲ್ಲ. ತಕರಾರು ‘ಬಾಯಿಗೆ’ ಅನ್ನುವ ಪದದ್ದು. ಕ್ಸಿಮಿನೀಸ್ ನಿಯಮದ ಪ್ರಕಾರ ಹೆಚ್ಚಿನ ಪದ ಇರಬಾರದು, ಇದು ಅಲಂಕಾರಕ್ಕೆ ಹಾಕಿದ್ದು, ತೆಗೀರಿ ಅಂತ ಒಬ್ಬರು. ಸಿಹಿ ತಿನ್ನುವುದು ಬಾಯಿಂದಲೇ, ಹಾಗಾಗಿ ‘ಬಾಯಿಗೆ ಗೋಕಾಕಿನ ಸಿಹಿ’ ಅಂತ ಇಡಿಯಾಗಿ ಅದೇ ಅರ್ಥ ಅಂತ ಇನ್ನೊಬ್ಬರು. ತೆಗೆದು ನೋಡಿದೆವು. ‘ಕೈಗೆ ಜೋಳದ ಕಾಂಡ ಸೇರಿ ಗೋಕಾಕಿನ ಸಿಹಿ’. ಲೆಕ್ಕಕ್ಕೆ ಚೊಕ್ಕ, ಓದಲು ಸಪ್ಪೆ. ನಾನು ‘ಬಾಯಿಗೆ’ ಇರಲಿ ಅನ್ನುವ ಪಕ್ಷ. ಹೆಚ್ಚಿನ ಪದ ಓದುಗನನ್ನು ತಪ್ಪು ಉತ್ತರಕ್ಕೆ ಒಯ್ದರೆ ಅದು ಮೋಸ. ಸರಿಯಾದ ಉತ್ತರವನ್ನೇ ಇನ್ನಷ್ಟು ಬಣ್ಣಿಸಿದರೆ ಮೋಸ ಅಲ್ಲ. ಇದನ್ನು ಒಪ್ಪದವರು ಇದ್ದಾರೆ, ಅವರ ವಾದಕ್ಕೂ ತೂಕ ಇದೆ. ಒಂದೇ ಒಂದು ಪದದ ಮೇಲೆ ಇಷ್ಟು ಹೊತ್ತು ಮಾತಾಡುವವರಿಗೆ ಮುಂದಿನ ಸುಳಿವು ಕಟ್ಟಲು ಬಂದೇ ಬರುತ್ತದೆ.

ಮೊಬೈಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಲೆಕ್ಕ ಹಾಕಿ ಒಂದು ಪದ ಬಂತು, ಅಂಥ ಪದ ಇದೆಯೋ ಇಲ್ಲವೋ ಅಂತ ನಿಘಂಟು ನೋಡುವುದು ಧಾರಾಳವಾಗಿ ನಡೆಯುತ್ತದೆ. ಅದು ಕಲಿಕೆ. ಇಂಗ್ಲಿಷಿಗಾದರೆ ಸೆಟ್ಟರ್‌ಗಳು ಬಹಳ ನೆಚ್ಚಿಕೊಳ್ಳುವ ಚೇಂಬರ್ಸ್ ಒಳ್ಳೆಯದು. ಅಕ್ಷರ ಹಾಕಿದರೆ ಪದ ಉದುರಿಸುವ ಆಪ್ ಮಾತ್ರ ಬಸ್ಸಿನಲ್ಲಿ ತೆರೆಯಬೇಡಿ. ಮೂವರು ಕೂಡಿ ಮಾಡಬೇಕಾದ ಕೆಲಸವನ್ನೇ ಅದು ಕಸಿದುಕೊಳ್ಳುತ್ತದೆ. ಬಹುಮಾನ ಇರುವ ಪದಬಂಧವಾದರೆ ಕಳಿಸುವ ಗಡುವು ಮುಗಿಯುವವರೆಗೆ ಉತ್ತರವನ್ನು ಗುಂಪಿನ ಹೊರಗೆ ಆಡಬಾರದು.

ಚುರುಕು ಗೆಳೆಯರಿಗೆ ಒಂದು ಕೆಲಸ ಹಚ್ಚಿ. ವಾರಕ್ಕೆ ಒಂದು ಕನ್ನಡ ಸುಳಿವು ಅವರು ಕಟ್ಟಿ ತರಲಿ, ನೀವಿಬ್ಬರು ಬಿಡಿಸಿ. ಬಿಡಿಸುವುದರಲ್ಲಿ ಇರುವ ವೇಗ ಕಟ್ಟುವುದರಲ್ಲಿ ನಡೆಯುವುದಿಲ್ಲ. ಒಂದು ಪದವನ್ನು ಎಷ್ಟು ಕಡೆಯಿಂದ ನೋಡಬಹುದು ಅನ್ನುವುದು ಆಗ ಅವರಿಗೂ ಗೊತ್ತಾಗುತ್ತದೆ.

ಸದ್ಯಕ್ಕೆ ಈ ವಾರಕ್ಕೆ ನಾನೇ ನಾಲ್ಕು ಕೊಡುತ್ತೇನೆ. ಎಲ್ಲಕ್ಕೂ ಬೇಕಾದದ್ದು ಮೇಲೆ ಹೇಳಿದ್ದರಲ್ಲೇ ಇದೆ, ಒಂದು ಹೊಸ ಉಪಾಯ ಮಾತ್ರ ನೀವೇ ಕಂಡುಕೊಳ್ಳಬೇಕು.

‘ಕೊರಳ ಹಾರ ತಿರುಗಿಸಿ ಹಿಂಡಿದರೆ ಬರೋದು (2)’

‘ಆರರ ನಂತರ ಎದ್ದು ನಿಲ್ಲು (2)’

‘ತಲೆ ಬದಲಿಸಿದ ನದಿ, ಏಲಕ್ಕಿ ಹಾರದ ಊರು (3)’

‘ಮುಂದಿನಿಂದ ಬಂದರೂ ಹಿಂದಿನಿಂದ ಬಂದರೂ ವೀರನಾರಾಯಣನ ಊರು (3)’

ಬಿಡಿಸಿದ ಮೇಲೆ ಬರೆಯಿರಿ. ಬರೀ ಉತ್ತರ ಬೇಡ, ಪಕ್ಕದಲ್ಲಿ ಹೆಂಗ ಅನ್ನುವುದೂ ಇರಲಿ. ನಿಮ್ಮ ಗೆಳೆಯರು ಕಟ್ಟಿದ ಮೊದಲ ಸುಳಿವನ್ನೂ ಜೊತೆಗೆ ಕಳಿಸಿ, ನಾವು ಇಲ್ಲಿ ಕೂತು ಬಿಡಿಸುತ್ತೇವೆ.